ಗಾಜಿನ ಫರ್ಶಿ, ಕಲ್ಲಿನ ಫರ್ಶಿ

ಕೆಲವು ದಿನಗಳ ಹಿಂದೆ ಶಹಾಬಾದದ ಒಂದು ಚಹಾದಂಗಡಿಯಲ್ಲಿ ಕುಳಿತಿದ್ದೆ. ಪಕ್ಕದ ಬೆಂಚಿನ ಮೇಲೆ ನಾಲ್ಕೈದು ಹುಡುಗರು ಒಂದೇ ಮೊಬೈಲಿನೊಳಗೆ ತಲೆ ತೂರಿಸಿ ಏನನ್ನೋ ನೋಡುತ್ತಿದ್ದರು. ಚೀನಾದ ಗಾಜಿನ ಸೇತುವೆ. ಎರಡು ಬೆಟ್ಟಗಳ ನಡುವೆ, ತಳ ಕಾಣದ ಕಮರಿಯ ಮೇಲೆ, ಜನ ಗಾಳಿಯಲ್ಲಿ ನಡೆದಂತೆ ನಡೆಯುತ್ತಿದ್ದರು. ಒಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕುಳಿತು ಚೀರುತ್ತಿದ್ದಳು. ಗಂಡ ನಗುತ್ತಾ ಅವಳ ಕೈ ಹಿಡಿದು ಎಳೆಯುತ್ತಿದ್ದ. ಹುಡುಗರಲ್ಲೊಬ್ಬ ನನ್ನ ಕಡೆ ತಿರುಗಿ, "ಸರ್, ನಮ್ಮೂರ ಖಣಿ ಮ್ಯಾಲ ಇಂಥಾದೊಂದು ಕಟ್ಟಿದ್ರ ಊರಿನ ನಸೀಬೇ ಬದಲಾಗ್ತದ ನೋಡ್ರಿ. ಹೈದರಾಬಾದ್, ಸೋಲಾಪುರದಿಂದ ಮಂದಿ ಬರ್ತಾರ" ಎಂದ. ಉಳಿದವರು ಹೋ ಎಂದು ನಕ್ಕರು. ನಕ್ಕರೂ ಆ ಮಾತು ಅವರಿಗೆ ಹಿಡಿಸಿದ್ದು ಗೊತ್ತಾಗುತ್ತಿತ್ತು.

ಮೂಲೆಯಲ್ಲಿ ಒಬ್ಬ ಮುದುಕರು ಕುಳಿತಿದ್ದರು. ಬಲಗೈಯ ಎರಡು ಬೆರಳನ್ನು ಖಣಿಗೆ ಕೊಟ್ಟವರು. ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ, "ಗಾಜ್ ಹಾಕ್ತೀರಿ ಅಂದ್ರ ಹಾಕ್ರಪಾ. ಆದ್ರ ಕೆಳಗ ಏನ್ ತೋರಸ್ತೀರಿ?" ಎಂದರು.

ಹುಡುಗರು ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಮನೆಗೆ ಬಂದ ಮೇಲೆ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಯಾಕೆಂದರೆ ನಾನು ಅಂಥದೊಂದು ಸೇತುವೆಯ ಮೇಲೆ ನಡೆದು ಬಂದವನು. ನಡೆದಾಗ ಏನು ಕಂಡೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

*

ವಯನಾಡಿನಲ್ಲಿ ಗುಡ್ಡ ಕುಸಿದ ವರ್ಷವೇ, 2024ರ ಡಿಸೆಂಬರಿನಲ್ಲಿ, ಮೈಸೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ತಂಗಿಯ ಮಗಳು ಹಟ ಹಿಡಿದಳು. "ಮಾಮೂ, ಒಂದೇ ದಿನದ ಟೂರು. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್. ಗೈಡ್ ಇರ್ತಾರೆ, ಊಟ ಅವರದೇ, ಟಿಕೆಟ್ ಅವರದೇ. ನೀವು ಸುಮ್ಮನೆ ಕೂತರೆ ಸಾಕು." ಸುಮ್ಮನೆ ಕೂರುವುದಕ್ಕೆ ನಾಲ್ಕು ಜನರ ಲೆಕ್ಕದಲ್ಲಿ ನಾವು ಕಟ್ಟಿದ ಹಣವನ್ನು ನನ್ನ ಅಬ್ಬಾ 1980ರ ದಶಕದಲ್ಲಿ ಖಣಿಯಲ್ಲಿ ತಿಂಗಳುಗಟ್ಟಲೆ ಕಲ್ಲು ಒಡೆದರೂ ಕಂಡಿರಲಾರರು. ಇದನ್ನು ಆಗ ಹೇಳಿದರೆ ರಜೆಯ ಖುಷಿ ಕೆಡುತ್ತಿತ್ತು. ಹೇಳಲಿಲ್ಲ.

ನಸುಕಿನಲ್ಲೇ ಮಿನಿ ಬಸ್ಸು ಹೊರಟಿತು. ಗುಂಡ್ಲುಪೇಟೆ, ಬಂಡೀಪುರದ ಕಾಡು, ಮುತ್ತಂಗ, ಸುಲ್ತಾನ್ ಬತ್ತೇರಿ. ಗೈಡ್ ಇಪ್ಪತ್ತೈದರ ಹುಡುಗ. ಮೈಕು ಹಿಡಿದು ನಗಿಸುತ್ತಿದ್ದ, ಮಕ್ಕಳಿಗೆ ಚಾಕೊಲೇಟ್ ಕೊಡುತ್ತಿದ್ದ, ವಾಂತಿ ಮಾಡಿದವರಿಗೆ ನಿಂಬೆಹಣ್ಣು ಕೊಡುತ್ತಿದ್ದ. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿಷೇಧವಿದೆ; ಒಂಬತ್ತು ಗಂಟೆಗೆ ಗೇಟು ಬೀಳುತ್ತದೆ. ಹಾಗಾಗಿ ಅವನ ಇಡೀ ದಿನ ರಾತ್ರಿ ಒಂಬತ್ತರಿಂದ ಹಿಂದಕ್ಕೆ ಎಣಿಸಿದ ದಿನ. ಕೆರೆಗೆ ನಲವತ್ತು ನಿಮಿಷ, ಊಟಕ್ಕೆ ಮೂವತ್ತು, ಮಸಾಲೆ ಅಂಗಡಿಗೆ ಇಪ್ಪತ್ತು. ಉಳಿದದ್ದೆಲ್ಲ ಸೇತುವೆಗೆ.

ಮೇಪ್ಪಾಡಿಯ ಕಡೆಯ ಗುಡ್ಡ. ಬಸ್ಸು ಕೆಳಗೇ ನಿಂತು ನಾವು ಜೀಪು ಹತ್ತಿದೆವು. ಮೇಲೆ ಉದ್ದನೆಯ ಸಾಲು. ಗಾಜಿಗೆ ಗೀರು ಬೀಳಬಾರದೆಂದು ಕಾಲಿಗೆ ಬಟ್ಟೆಯ ಚೀಲ ಕೊಟ್ಟರು. ಒಂದೂವರೆ ಗಂಟೆ ಕಾದ ಮೇಲೆ ನಮ್ಮ ತಂಡಕ್ಕೆ ಹತ್ತು ನಿಮಿಷ ಸಿಕ್ಕಿತು. ಸುಳ್ಳು ಹೇಳುವುದಿಲ್ಲ, ಮೊದಲ ಹೆಜ್ಜೆಗೆ ನನ್ನ ಮೊಣಕಾಲು ಸಡಿಲಾದವು. ಕಾಲ ಕೆಳಗೆ ಮರದ ತುದಿಗಳು, ಅದರ ಕೆಳಗೆ ಹಸಿರು, ಅದರ ಕೆಳಗೆ ಕತ್ತಲು. ನನ್ನ ಹೆಂಡತಿ ಕಣ್ಣು ಮುಚ್ಚಿ ದರೂದ್ ಓದುತ್ತಾ ದಾಟಿದಳು. ಸೊಸೆ ಮಲಗಿ, ಕುಳಿತು, ಹಾರಿ ಫೋಟೊ ತೆಗೆಸಿಕೊಂಡಳು. ಇಳಿದ ಮೇಲೆ ಹೆಂಡತಿ, "ಪುಲ್ ಸಿರಾತ್ ದಾಟಿದಂಗಾತು" ಎಂದದ್ದಕ್ಕೆ ಎಲ್ಲರೂ ನಕ್ಕೆವು. ಸಂತೋಷವಾಗಿತ್ತು. ಏನೋ ಸಾಧಿಸಿದ ಹೆಮ್ಮೆಯೂ ಇತ್ತು.

ವಾಪಸು ಬರುವಾಗ ಗೈಡ್ ಮೈಕಿನಲ್ಲಿ, "ಈ ಕಡೆ ಹೋದರೆ ಚೂರಲ್‌ಮಲ, ಭೂಕುಸಿತ ಆದ ಜಾಗ. ನಮಗೆ ಟೈಮಿಲ್ಲ" ಎಂದ. ಹಿಂದಿನ ಸೀಟಿನಿಂದ ಯಾರೋ, "ಒಂದ್ ಫೋಟೋನಾದ್ರೂ ತಗೊಳ್ಳೋಣ ನಿಲ್ಸಿ" ಎಂದರು. ಬಸ್ಸು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಅಂತ್ಯಾಕ್ಷರಿ ಶುರುವಾಯಿತು.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಇಳಿದು ಬಂದು 250ಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತ್ತು. ಗುರುತು ಸಿಗದ ದೇಹಗಳನ್ನು ಪುತ್ತುಮಲದಲ್ಲಿ ಹೂತರು. ಗೋರಿಯ ಮೇಲೆ ಹೆಸರಿರಲಿಲ್ಲ, ನಂಬರಿತ್ತು. ಯಾರು ಯಾವ ಧರ್ಮದವರೆಂದು ಗೊತ್ತಿಲ್ಲದ ಕಾರಣ ಎಲ್ಲ ಧರ್ಮದವರೂ ನಿಂತು ಪ್ರಾರ್ಥನೆ ಮಾಡಿದರು. ಅದೇ ಪುತ್ತುಮಲದಲ್ಲಿ 2019ರ ಆಗಸ್ಟ್‌ನಲ್ಲೂ ಗುಡ್ಡ ಕುಸಿದು ಜನ ಸತ್ತಿದ್ದರು. ನಮ್ಮ ಬಸ್ಸು ಆ ನೆಲದ ಪಕ್ಕದಲ್ಲೇ ಹಾಡಿಕೊಂಡು ಹೋಯಿತು. ಆಳವನ್ನು ನೋಡಲೆಂದು ಹಣ ಕಟ್ಟಿ, ಜೀಪು ಹತ್ತಿ, ಒಂದೂವರೆ ಗಂಟೆ ನಿಂತಿದ್ದ ನಾವು, ನಿಜವಾದ ಆಳ ಪಕ್ಕದಲ್ಲಿ ಹಾದುಹೋಗುವಾಗ ಕಿಟಕಿಯ ಪರದೆ ಎಳೆದುಕೊಂಡಿದ್ದೆವು.

*

ಗಾಜಿನ ಸೇತುವೆ ಮಾರುವುದು ಸೌಂದರ್ಯವನ್ನಲ್ಲ. ಸೌಂದರ್ಯ ನೋಡಲು ಗುಡ್ಡದ ತುದಿಯ ಬಂಡೆ ಸಾಕು. ಅದು ಮಾರುವುದು ಭಯವನ್ನು, ಅದೂ ಗ್ಯಾರಂಟಿ ಇರುವ ಭಯವನ್ನು. 'ನೀನು ಸಾಯುತ್ತೀ ಎನ್ನಿಸುತ್ತದೆ, ಆದರೆ ಸಾಯುವುದಿಲ್ಲ' ಎಂಬುದೇ ಆ ಟಿಕೆಟ್ಟಿನ ಕರಾರು.

ಈ ವ್ಯಾಪಾರ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಚೀನಾವೇ ಸಾಕ್ಷಿ. ಅಲ್ಲಿನ ಜಾಂಗ್‌ಜಿಯಾಜಿಯ ಕಮರಿಯ ಮೇಲೆ 430 ಮೀಟರ್ ಉದ್ದದ, ಸುಮಾರು 300 ಮೀಟರ್ ಎತ್ತರದ ಸೇತುವೆ 2016ರ ಆಗಸ್ಟ್‌ನಲ್ಲಿ ತೆರೆಯಿತು. ಅದಕ್ಕೆ ಮೊದಲು ಜನರಿಗೆ ಧೈರ್ಯ ಬರಲೆಂದು ಗಾಜಿನ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆಸಿ, ಕಾರು ಓಡಿಸಿ ತೋರಿಸಿದರು. ಮೇಲಿನ ಪದರ ಬಿರುಕು ಬಿಟ್ಟಿತು, ಕೆಳಗಿನವು ಗಟ್ಟಿಯಾಗಿ ನಿಂತವು. ಇದರಲ್ಲಿ ಜಾದು ಏನಿಲ್ಲ. ಕಾಯಿಸಿ ಹದಮಾಡಿದ ಗಾಜಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪೊರೆಯಿಂದ ಬೆಸೆದಿರುತ್ತಾರೆ. ಒಂದು ಒಡೆದರೆ ಇನ್ನೊಂದು ಭಾರ ಹೊರುತ್ತದೆ. ಆದರೆ ಗಾಜು ತಡೆದದ್ದನ್ನು ಜನಜಂಗುಳಿ ತಡೆಯಲಿಲ್ಲ. ದಿನಕ್ಕೆ 8,000 ಜನರ ಅಂದಾಜಿನಲ್ಲಿ ಕಟ್ಟಿದ್ದಕ್ಕೆ ಅದರ ಹತ್ತು ಪಟ್ಟು ಜನ ಮುಗಿಬಿದ್ದು, ತೆರೆದ 13 ದಿನಕ್ಕೇ ಮುಚ್ಚಬೇಕಾಯಿತು. ಸುಧಾರಿಸಿ ಮತ್ತೆ ತೆರೆದರು.

ಮುಂದಿನ ವರ್ಷ ಇನ್ನೊಂದು ತಮಾಷೆ ನಡೆಯಿತು. ಹೆಬೈ ಪ್ರಾಂತದ ಪೂರ್ವ ತೈಹಾಂಗ್ ಬೆಟ್ಟದ ಗಾಜಿನ ಹಾದಿಯಲ್ಲಿ ಕಾಲಿಟ್ಟ ಕಡೆ ಗಾಜು ಬಿರುಕು ಬಿಟ್ಟಂತೆ ಕಾಣುವ, ಚಟಪಟ ಸದ್ದು ಮಾಡುವ ಯಂತ್ರ ಕೂರಿಸಿದರು. ಒಬ್ಬ ಗೈಡ್ ನೆಲಕ್ಕೆ ಬಿದ್ದು ಒದ್ದಾಡುವ ವಿಡಿಯೊ ಲೋಕವೆಲ್ಲ ಸುತ್ತಿತು. ಜನ ಬೈದ ಮೇಲೆ ಆಡಳಿತದವರು ಕ್ಷಮೆ ಕೇಳಿದರು. ಬರೀ ಎತ್ತರದ ಭಯ ಸಪ್ಪೆಯಾದಾಗ ಬಿರುಕಿನ ಭಯವನ್ನು ಸೇರಿಸಬೇಕಾಯಿತು ಎಂಬುದು ಇಲ್ಲಿ ಗಮನಿಸಬೇಕಾದದ್ದು. ಆಮೇಲೆ ಅದೇ ಹೆಬೈ ಪ್ರಾಂತದಲ್ಲಿ ಸುರಕ್ಷೆಯ ಕಾರಣಕ್ಕೆ 32 ಗಾಜಿನ ಆಕರ್ಷಣೆಗಳನ್ನು ಮುಚ್ಚಿಸಿದರು. 2021ರ ಮೇ ತಿಂಗಳಲ್ಲಿ ಲಾಂಗ್‌ಜಿಂಗ್ ಎಂಬಲ್ಲಿ ಬಿರುಗಾಳಿಗೆ ಸೇತುವೆಯ ಗಾಜುಗಳೇ ಹಾರಿಹೋಗಿ, ಒಬ್ಬ ಪ್ರವಾಸಿ ಕಂಬಿ ಹಿಡಿದು ನಡುದಾರಿಯಲ್ಲಿ ಉಳಿದ. ಜೀವ ಉಳಿಯಿತು. 2023ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದಲ್ಲಿ ಒಂದು ಗಾಜಿನ ಸೇತುವೆ ಒಡೆದಾಗ ಒಬ್ಬರ ಜೀವ ಹೋಯಿತು.

ನಮ್ಮಲ್ಲೂ ಈ ಗಾಳಿ ಬೀಸಿದೆ. ಕೇರಳದ ವಾಗಮಣ್‌ನಲ್ಲಿ 2023ರ ಸೆಪ್ಟೆಂಬರಿನಲ್ಲಿ 40 ಮೀಟರ್ ಚಾಚಿನ ಗಾಜಿನ ಸೇತುವೆ ತೆರೆದರು. ನಮ್ಮ ಕೊಡಗಿನ ಭಾಗಮಂಡಲದ ಬಳಿಯೂ ಒಂದು ಬಂದಿದೆ. ಅಲ್ಲಿಂದ ತುಸು ದೂರದ ತಲಕಾವೇರಿಯಲ್ಲಿ 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿಯ ಮಗ್ಗುಲು ಕುಸಿದು ಅರ್ಚಕರ ಮನೆ ಮಣ್ಣುಪಾಲಾದದ್ದನ್ನು ಕನ್ನಡಿಗರು ಇಷ್ಟು ಬೇಗ ಮರೆಯಬಾರದು. ಅದಕ್ಕೂ ಎರಡು ವರ್ಷ ಮೊದಲು, 2018ರಲ್ಲಿ, ಇಡೀ ಕೊಡಗು ಜಾರಿತ್ತು. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ. ಆ ವರದಿಯನ್ನು ಕಪಾಟಿನಲ್ಲಿಟ್ಟವರೇ ಈಗ ಗುಡ್ಡ ಗುಡ್ಡಕ್ಕೂ ರೆಸಾರ್ಟು, ಜೀಪು, ಗಾಜು ಏರಿಸುತ್ತಿದ್ದಾರೆ. ಗುಡ್ಡ ಕುಸಿಯುವುದಕ್ಕೆ ಗಾಜಿನ ಸೇತುವೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕುಸಿಯುವ ಗುಡ್ಡವನ್ನು ಆಟದ ಬಯಲೆಂದು ಕಾಣುವ ಕಣ್ಣು ಯಾವುದೋ, ಅದೇ ಕಣ್ಣು ಅಲ್ಲಿ ಗಾಜು ಹಾಸುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಗಾಜಿನ ಸೇತುವೆಗಳೆಲ್ಲ ಕೆಟ್ಟವು ಎಂದೂ ನನ್ನ ವಾದವಲ್ಲ. ಕನ್ಯಾಕುಮಾರಿಯಲ್ಲಿ ವಿವೇಕಾನಂದ ಬಂಡೆಗೂ ತಿರುವಳ್ಳುವರ್ ಪ್ರತಿಮೆಗೂ ನಡುವೆ 77 ಮೀಟರಿನ ಗಾಜಿನ ಸೇತುವೆ 2024ರ ಡಿಸೆಂಬರ್ 30ರಂದು ತೆರೆಯಿತು. ನೀರು ಇಳಿದಾಗ ತಿರುವಳ್ಳುವರ್ ಬಂಡೆಗೆ ದೋಣಿ ಹೋಗುತ್ತಿರಲಿಲ್ಲ. ಈಗ ಜನ ನಡೆದು ಹೋಗುತ್ತಾರೆ. ಅಲ್ಲಿ ಸೇತುವೆಗೆ ಒಂದು ಕೆಲಸವಿದೆ. ಸೇತುವೆ ಎಂದರೆ ಎರಡು ದಡ ಇರಬೇಕು. ಕಮರಿಯ ಅಂಚಿನಿಂದ ಗಾಳಿಗೆ ಚಾಚಿ ಅಲ್ಲೇ ನಿಲ್ಲುವ ಗಾಜಿಗೆ ಒಂದೇ ದಡ. ಹೋದವರು ಹೋದ ಕಡೆಯಿಂದಲೇ ತಿರುಗಿ ಬರಬೇಕು.

ಇದನ್ನು ಓದುವ ನಮ್ಮ ಭಾಗದವರಿಗೆ ಕಾಗಿಣಾ ನದಿ ನೆನಪಾಗದೆ ಇರದು. ಕಾಗಿಣಾ ಉಕ್ಕಿ ದಂಡೋತಿಯ ಹಳೆಯ ಸೇತುವೆ ಮುಳುಗಿ, ಚಿತ್ತಾಪುರ–ಸೇಡಂ ನಡುವಿನ ಬಸ್ಸು ನಿಂತು, ರೋಗಿಗಳೂ ಬಸುರಿಯರೂ ದಡದಲ್ಲೇ ಉಳಿದ ಮಳೆಗಾಲಗಳು ಎಷ್ಟು! ಎರಡು ದಡವಿರುವ ಸೇತುವೆ ಮುಳುಗುವ ನಾಡಿನಲ್ಲಿ ಒಂದೇ ದಡದ ಸೇತುವೆಯ ಕನಸು ಕಾಣುವುದು ಎಂಥ ಚೋದ್ಯ.

*

ಗಾಜಿನ ನೆಲದ ಮೇಲೆ ಕಾಲಿಟ್ಟು ದಿಗಿಲುಬಿದ್ದವರಲ್ಲಿ ನಾವು ಮೊದಲಿಗರಲ್ಲ. ಹಜ್ರತ್ ಸುಲೈಮಾನರ ಅರಮನೆಗೆ ಬಂದ ಸಬಾದ ರಾಣಿಯ ಕಥೆಯನ್ನು ನಮ್ಮ ನಾನಿ ಹೇಳುತ್ತಿದ್ದಳು. ಗಾಜಿನ ನೆಲವನ್ನು ನೀರೆಂದು ತಿಳಿದು ರಾಣಿ ಉಡುಗೆಯನ್ನು ಮೇಲೆತ್ತಿದಳು. ಅದು ನೀರಲ್ಲ ಎಂದು ತಿಳಿದಾಗ ಅವಳು ನಾಚಿ ಓಡಲಿಲ್ಲ, ಕೋಪಿಸಿಕೊಳ್ಳಲಿಲ್ಲ. ಕಣ್ಣು ಹೇಳಿದ್ದೆಲ್ಲ ನಿಜವಲ್ಲ ಎಂಬುದನ್ನು ಒಪ್ಪಿ ತಲೆಬಾಗಿದಳು. ಕನ್ನಡ ಶಾಲೆಗೆ ಸೇರಿದಾಗ ಮಾಸ್ತರರು ಮಯಸಭೆಯ ಕಥೆ ಹೇಳಿದರು. ಅಲ್ಲಿ ದುರ್ಯೋಧನ ಹೊಳೆಯುವ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ತಿಳಿದು ಎಡವಿದ. ಅವನು ತಲೆಬಾಗಲಿಲ್ಲ, ಅವಮಾನವನ್ನು ಎದೆಯಲ್ಲಿಟ್ಟುಕೊಂಡು ಹೋದ. ಮುಂದೆ ಆದದ್ದು ಎಲ್ಲರಿಗೂ ಗೊತ್ತು.

ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದ ನನಗೆ ಈ ಎರಡು ಕಥೆಗಳು ಅಕ್ಕಪಕ್ಕದಲ್ಲೇ ಕುಳಿತಿವೆ. ಎರಡರಲ್ಲೂ ಗಾಜಿನ ನೆಲ ಮನುಷ್ಯನನ್ನು ಪರೀಕ್ಷಿಸುತ್ತದೆ: ನಿನಗೆ ಕಾಣುತ್ತಿರುವುದು ಏನು, ಇರುವುದು ಏನು? ಇಂದಿನ ಗಾಜಿನ ಸೇತುವೆ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನಾವು ಗಾಜಿನ ಮೂಲಕ ಕೆಳಗೆ ನೋಡುವುದೂ ಇಲ್ಲ. ಗಾಜಿನ ಮೇಲೆ ನಿಂತ ನಮ್ಮನ್ನೇ ಮೊಬೈಲಿನಲ್ಲಿ ನೋಡಿಕೊಳ್ಳುತ್ತೇವೆ. ಆ ಹತ್ತು ನಿಮಿಷದಲ್ಲಿ ನಮ್ಮ ತಂಡದ ಬಹುತೇಕರು ಕೆಳಗಿನ ಮರಗಳಿಗೆ ಬೆನ್ನು ಹಾಕಿದ್ದರು. ನಾನೂ ಹಾಕಿದ್ದೆ. ಫೋಟೊಗಳು ನನ್ನ ಮೊಬೈಲಿನಲ್ಲಿವೆ.

*

"ಎಲ್ಲ ಸರಿ ಸಾಹೇಬ್ರೆ, ಆದ್ರ ನಮ್ ಹುಡುಗರಿಗೆ ಕೆಲ್ಸ ಬೇಕಲ್ರಿ" ಎಂದು ಚಹಾದಂಗಡಿಯ ಹುಡುಗ ಕೇಳಿದರೆ ಏನು ಹೇಳಲಿ? ಇದು ತಳ್ಳಿಹಾಕುವ ಮಾತಲ್ಲ. ಶಹಾಬಾದದಲ್ಲಿ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡ ಕಾಲವಿತ್ತು. ಆ ಕಾಲ ಹೋಯಿತು. ಪುಣೆ, ಮುಂಬೈ, ಹೈದರಾಬಾದಿನ ಮನೆಗಳಿಗೂ ರೈಲ್ವೆ ಪ್ಲಾಟ್‌ಫಾರ್ಮುಗಳಿಗೂ ನೆಲ ಹಾಸಿದ ನಮ್ಮ ಫರ್ಶಿ ಕಲ್ಲನ್ನು ಗುಜರಾತಿನ ಮೋರ್ಬಿಯಿಂದ ಬಂದ ಟೈಲ್ಸು ಬದಿಗೊತ್ತಿತು. ಮುಖ ಕಾಣುವಷ್ಟು ಹೊಳೆಯುವ, ನೀರು ಬಿದ್ದರೆ ಜಾರುವ ಟೈಲ್ಸು. ಮೊದಲು ನಮ್ಮ ಮನೆಗಳ ನೆಲ ಗಾಜಿನಂತಾಯಿತು, ಆಮೇಲೆ ಸೇತುವೆಯೇ ಗಾಜಿನದಾಯಿತು. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಗುಲ್ಬರ್ಗಾ ವಿಭಾಗದವು. 2012ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ 371(ಜೆ) ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದರೂ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುವ ರೈಲಿನ ಜನರಲ್ ಬೋಗಿ ಖಾಲಿಯಾಗಲಿಲ್ಲ.

ಹಾಗಾದರೆ ಗಾಜಿನ ಸೇತುವೆ ಕೆಲಸ ಕೊಡುತ್ತದೆಯೇ? ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನ ಪಶ್ಚಿಮ ಅಂಚು ಹುವಾಲಪೈ ಎಂಬ ಮೂಲನಿವಾಸಿಗಳದ್ದು. ಅವರೂ ನಮ್ಮ ಹುಡುಗರ ಹಾಗೆಯೇ ಯೋಚಿಸಿದರು. 2007ರಲ್ಲಿ ಕಮರಿಯ ಅಂಚಿನಿಂದ ಸುಮಾರು 21 ಮೀಟರ್ ಹೊರಕ್ಕೆ ಲಾಳದಾಕಾರದ ಗಾಜಿನ ಹಾದಿ ಬಂತು. ಕಟ್ಟಲು ಹಣ ಹಾಕಿದವನು ಲಾಸ್ ವೇಗಸ್ಸಿನ ಒಬ್ಬ ಉದ್ಯಮಿ. ಬುಡಕಟ್ಟಿನ ಹಿರಿಯರಲ್ಲಿ ಕೆಲವರು ಇದು ನಮ್ಮ ಪವಿತ್ರ ನೆಲ ಎಂದು ವಿರೋಧಿಸಿದರು. ಜನ ಬಂದರು, ಹಣವೂ ಬಂತು. ಆದರೆ ಹಣ ಯಾರದು ಎಂಬ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು. 2012ರಲ್ಲಿ ಬುಡಕಟ್ಟಿನ ಆಡಳಿತ ಉದ್ಯಮಿಯ ಹಕ್ಕನ್ನು ತನ್ನ ಸ್ವಾಧೀನಕ್ಕೆ ತೆಗೆದುಕೊಂಡಿತು. 2013ರಲ್ಲಿ ಬುಡಕಟ್ಟಿನದೇ ಕಂಪನಿ ದಿವಾಳಿ ಅರ್ಜಿ ಹಾಕಬೇಕಾಯಿತು. ಗಾಜಿನ ಹಾದಿ ತೆರೆದಾಗ ಆ ಅಂಚಿನಲ್ಲಿ ನೀರಿನ ಪೈಪು ಕೂಡ ಇರಲಿಲ್ಲ. ನೀರು ಲಾರಿಯಲ್ಲಿ ಬರುತ್ತಿತ್ತು. ವರ್ಷಗಟ್ಟಲೆ ಪ್ರವಾಸಿಗಳು ತಮ್ಮ ಕ್ಯಾಮೆರಾ ಒಯ್ಯುವಂತಿರಲಿಲ್ಲ. ಫೋಟೊವನ್ನೂ ಅವರಿಂದಲೇ ಕೊಳ್ಳಬೇಕಿತ್ತು.

ನೆಲ ಅವರದೇ ಆಗಿದ್ದ, ಕಾಗದಪತ್ರ ಅವರ ಕೈಯಲ್ಲೇ ಇದ್ದ ಕಡೆ ಇಷ್ಟು. ಶಹಾಬಾದದಲ್ಲಿ ಖಣಿ ಯಾರದು? ಗುತ್ತೇದಾರನದು, ಇಲ್ಲ ಕಂಪನಿಯದು, ಇಲ್ಲ ಸರಕಾರದ್ದು. ಅಗೆದವನದಂತೂ ಎಂದೂ ಅಲ್ಲ. ಅವನ ಮೊಮ್ಮಗನಿಗೆ ಗಾಜಿನ ಸೇತುವೆ ಕೊಡುವ ಕೆಲಸ ಯಾವುದು? ಬಂದವರ ಕಾಲಿಗೆ ಬಟ್ಟೆಯ ಚೀಲ ತೊಡಿಸುವುದು. ಅದೂ ಗುತ್ತಿಗೆಯ ಮೇಲೆ.

*

ಈಗ ಮುದುಕರ ಪ್ರಶ್ನೆಗೆ ಬರುತ್ತೇನೆ. ಕೆಳಗೆ ಏನು ತೋರಿಸುತ್ತೀರಿ?

ನಮ್ಮೂರ ಕಮರಿಗಳನ್ನು ನದಿ ಕೊರೆದದ್ದಲ್ಲ. ಸಬ್ಬಲು, ಚಾಣ, ಸುತ್ತಿಗೆಗಳಿಂದ ವಡ್ಡರು, ಹೊಲೆಮಾದಿಗರು, ತಾಂಡಾದ ಲಂಬಾಣಿಗಳು, ನಮ್ಮ ಬಡ ಮುಸಲ್ಮಾನರು ಕೊರೆದದ್ದು. ಭೂವಿಜ್ಞಾನಿಗಳು 'ಭೀಮಾ ಗುಂಪು' ಎಂದು ಕರೆಯುವ ಈ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಅನುಭವಸ್ಥ ಕೆಲಸಗಾರ ಕಲ್ಲಿನ ಮೇಲೆ ಸುತ್ತಿಗೆ ತಟ್ಟಿ, ಸದ್ದು ಕೇಳಿ, ಎಲ್ಲಿ ಚಾಣವಿಟ್ಟರೆ ಫರ್ಶಿ ಅಖಂಡವಾಗಿ ಏಳುತ್ತದೆ ಎಂದು ಹೇಳುತ್ತಿದ್ದ. ನನ್ನ ಅಬ್ಬಾ ಆ ಸದ್ದನ್ನು ಬಲ್ಲವರಾಗಿದ್ದರು. ಉರ್ದುವಿನಲ್ಲಿ ಆಕಾಶದ ತುದಿಗೆ ಅರ್ಶ್, ನೆಲಕ್ಕೆ ಫರ್ಶ್ ಎನ್ನುತ್ತಾರೆ. ಆ ಫರ್ಶಿನಿಂದಲೇ ನಮ್ಮ ಕಲ್ಲಿಗೆ ಫರ್ಶಿ ಎಂಬ ಹೆಸರು. ಅಬ್ಬಾ ಬದುಕಿಡೀ ಊರೂರಿಗೆ ನೆಲ ಕಳಿಸಿದರು. ನಮ್ಮ ಮನೆಯ ಒಳಗೋಣೆಗೆ ಸೆಗಣಿ ಸಾರಿಸಿದ ಮಣ್ಣಿನ ನೆಲವೇ ಇತ್ತು. ಕೊನೆಗಾಲದಲ್ಲಿ ಅವರ ಕೆಮ್ಮು ರಾತ್ರಿಯೆಲ್ಲ ನಿಲ್ಲುತ್ತಿರಲಿಲ್ಲ. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ ಎಂದು ಡಾಕ್ಟರು ಹೇಳಿದರು. ಆ ಧೂಳಿಗೆ ಯಾರೂ ಪರಿಹಾರ ಕೊಡಲಿಲ್ಲ. ಯಾಕೆಂದರೆ ಅವರು ಖಣಿಯಲ್ಲಿ ದುಡಿದರು ಎಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ.

ಕಲ್ಲು ತೀರಿದ ಮೇಲೆ ಗುತ್ತೇದಾರರು ಹೊಂಡಗಳನ್ನು ಹಾಗೇ ಬಿಟ್ಟು ಹೋದರು. ಮಳೆಗಾಲದಲ್ಲಿ ಅವು ತುಂಬುತ್ತವೆ. ನೀರು ತಿಳಿಯಾಗಿ, ನೀಲಿಯಾಗಿ, ಗಾಜಿನ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಮಕ್ಕಳು ಈಜಲು ಹೋಗುತ್ತಾರೆ, ಹೆಂಗಸರು ಬಟ್ಟೆ ಒಗೆಯಲು ಹೋಗುತ್ತಾರೆ. ಅಂಚು ನೆಟ್ಟಗೆ ಕತ್ತರಿಸಿದ ಗೋಡೆ. ಜಾರಿದರೆ ಹಿಡಿಯಲು ಏನೂ ಇಲ್ಲ. ನಮ್ಮ ಓಣಿಯ ಒಬ್ಬ ಹುಡುಗ, ಏಳನೇ ಇಯತ್ತೆಯವನು, ಒಂದು ಶುಕ್ರವಾರ ಜುಮ್ಮಾ ಮುಗಿಸಿ ಗೆಳೆಯರ ಜೊತೆ ಹೋದವನು ಸಂಜೆ ಮನೆಗೆ ಬರಲಿಲ್ಲ. ಅವನನ್ನು ಮೇಲೆತ್ತಿದವರು ಖಣಿಯಲ್ಲಿ ದುಡಿದ ವಡ್ಡರ ಓಣಿಯ ಈಜುಗಾರರು. ಅವನ ತಾಯಿ ಆ ಹೊಂಡದ ದಾರಿಯಲ್ಲಿ ಇವತ್ತಿಗೂ ನಡೆಯುವುದಿಲ್ಲ. ಬಜಾರಿಗೆ ಹೋಗಲು ಸುತ್ತಿ ಬಳಸಿ ಹೋಗುತ್ತಾಳೆ. ಹೊಂಡಕ್ಕೆ ಇವತ್ತಿಗೂ ಬೇಲಿಯಿಲ್ಲ.

ಗ್ಯಾರಂಟಿಯಿಲ್ಲದ ಭಯ ಎಂದರೆ ಇದು. ಇದಕ್ಕೆ ಟಿಕೆಟ್ ಇಲ್ಲ, ಕಂಬಿ ಇಲ್ಲ, ಮೂರು ಪದರದ ಗಾಜಿಲ್ಲ. ಪ್ರವಾಸಿಯ ಹತ್ತು ನಿಮಿಷದ ಸುರಕ್ಷೆಗೆ ಕೋಟಿ ಸುರಿಯಬಲ್ಲ ಸಮಾಜಕ್ಕೆ ಊರ ಮಕ್ಕಳ ಸುರಕ್ಷೆಗೆ ಮುಳ್ಳುತಂತಿ ಸಿಗಲಿಲ್ಲ ಎಂಬುದೇ ನನ್ನ ತಕರಾರಿನ ತಿರುಳು.

ಕಾಯಿದೆ ಇಲ್ಲವೆಂದಲ್ಲ. 1952ರಲ್ಲೇ ಗಣಿ ಕಾಯಿದೆ ಬಂದಿತ್ತು. ಕೈಬಿಟ್ಟ ಗಣಿಗೆ ಬೇಲಿ ಹಾಕಬೇಕೆಂಬ ನಿಯಮವೂ ಇದೆ. 2015ರಲ್ಲಿ ಇನ್ನೊಂದು ಕಾಯಿದೆಗೆ ತಿದ್ದುಪಡಿ ತಂದು, ಗಣಿಗಾರಿಕೆಯಿಂದ ತೊಂದರೆಗೊಳಗಾದವರ ಹಿತಕ್ಕೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಮಾಡಿದ್ದಾರೆ. ಸಿಮೆಂಟ್ ಕಂಪನಿಗಳು ವಾಡಿ, ಸೇಡಂ, ಚಿತ್ತಾಪುರದ ಸುಣ್ಣಕಲ್ಲು ತೆಗೆಯುವುದು ನಿಂತಿಲ್ಲ. ಆ ಬಾಬ್ತು ಹಣವೂ ಬರುತ್ತದೆ. ಆ ಹಣದಲ್ಲಿ ಮೊದಲು ಆಗಬೇಕಾದ ಕೆಲಸ ನಾಲ್ಕೇ ನಾಲ್ಕು: ಹೊಂಡಗಳನ್ನು ಎಣಿಸುವುದು, ಊರ ಹತ್ತಿರದವಕ್ಕೆ ಬೇಲಿ ಹಾಕುವುದು, ನೀರು ನಿಲ್ಲುವವಕ್ಕೆ ಮೆಟ್ಟಿಲು ಕಟ್ಟಿ ಕೆರೆ ಮಾಡುವುದು, ಧೂಳು ತಿಂದ ಎದೆಗಳನ್ನು ತಪಾಸಣೆ ಮಾಡಿಸುವುದು.

*

ಅಷ್ಟಾದ ಮೇಲೆ ಪ್ರವಾಸ ಬೇಡವೇ? ಖಂಡಿತ ಬೇಕು. ಹಿಂದೆ ನಮ್ಮ ಪ್ರವಾಸವೆಂದರೆ ಕಲಬುರಗಿಯ ಬಂದೇನವಾಜರ ಉರುಸು, ಶರಣಬಸವೇಶ್ವರರ ಜಾತ್ರೆ, ಗಾಣಗಾಪುರ. ಬುತ್ತಿ ಕಟ್ಟಿಕೊಂಡು ಹೋಗಿ, ಮರದ ಕೆಳಗೆ ಉಂಡು, ಯಾರದೋ ಮನೆಯ ಸುಖದುಃಖ ಕೇಳಿ ಬರುತ್ತಿದ್ದೆವು. ಅಲ್ಲಿ ಗೈಡ್ ಇರಲಿಲ್ಲ, ಒಂಬತ್ತರ ಗೇಟೂ ಇರಲಿಲ್ಲ.

ನಮ್ಮ ನೆಲಕ್ಕೂ ದೂರದವರು ಬಂದಿದ್ದಾರೆ. ಒಂಬತ್ತನೆಯ ಶತಮಾನದ ಅರಬ್ ವ್ಯಾಪಾರಿ ಸುಲೈಮಾನ್ ಲೋಕದ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ 'ಬಲ್ಹರಾ' ಬೇರಾರೂ ಅಲ್ಲ, ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ. ಕವಿರಾಜಮಾರ್ಗ ಹುಟ್ಟಿದ್ದು ಅದೇ ಆಸ್ಥಾನದಲ್ಲಿ, ಅದೇ ಕಾಗಿಣಾ ದಂಡೆಯಲ್ಲಿ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಛಾವಣಿ ಕುಸಿದಾಗ ಅಶೋಕನ ಶಾಸನ ಹೊರಬಿತ್ತು. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಬೌದ್ಧ ಸ್ತೂಪವೇ ಸಿಕ್ಕಿತು. ಅದರ ಒಂದು ಫಲಕದಲ್ಲಿ ಅಶೋಕನ ಆಕೃತಿ, ಅದರ ಮೇಲೆ ಅವನ ಹೆಸರು. ಕೆತ್ತಿದ ಕಲ್ಲು ಯಾವುದು? ನಮ್ಮದೇ ಸುಣ್ಣಕಲ್ಲು. ಚಕ್ರವರ್ತಿಯ ಮುಖವನ್ನು ಎರಡು ಸಾವಿರ ವರ್ಷ ಕಾಪಾಡಿದ ಕಲ್ಲನ್ನು ನಾವು ಟೈಲ್ಸಿನ ಮುಂದೆ ಸೋತ ಸರಕು ಎಂದುಕೊಂಡಿದ್ದೇವೆ.

ನನ್ನ ಕೈಗೆ ಒಂದು ಮಿನಿ ಬಸ್ಸು ಕೊಟ್ಟರೆ ಒಂದೇ ದಿನದ ಟೂರು ಹೀಗೆ ಮಾಡುತ್ತೇನೆ. ಬೆಳಿಗ್ಗೆ ಸನ್ನತಿ, ಮಧ್ಯಾಹ್ನ ಮಳಖೇಡ, ಬಿಸಿಲು ಇಳಿದ ಮೇಲೆ ಶಹಾಬಾದದ ಒಂದು ಹಳೆಯ ಖಣಿ. ಗೈಡ್ ಆಗಿ ಆ ಎರಡು ಬೆರಳಿಲ್ಲದ ಮುದುಕರು. ಅವರು ಕಲ್ಲಿಗೆ ಸುತ್ತಿಗೆ ತಟ್ಟಿ ಸದ್ದು ಕೇಳಿಸಲಿ, ಪದರ ಎಬ್ಬಿಸಿ ತೋರಿಸಲಿ, ಯಾವ ವರ್ಷ ಯಾರ ಮೇಲೆ ಕಲ್ಲು ಬಿತ್ತು ಎಂದೂ ಹೇಳಲಿ. ಮಕ್ಕಳು ಕೆಳಗಿಳಿದು ಗೋಡೆಯನ್ನು ಕೈಯಿಂದ ಮುಟ್ಟಲಿ. ಮೇಲಿಂದ ಇಣುಕಲು ಗಾಜು ಬೇಡ. ಇಳಿಯಲು ಗಟ್ಟಿಯಾದ ಮೆಟ್ಟಿಲು ಸಾಕು. ಆ ಮೆಟ್ಟಿಲನ್ನು ನಮ್ಮ ಫರ್ಶಿಯಿಂದಲೇ ಕಟ್ಟಬಹುದು; ಕಟ್ಟಬಲ್ಲ ಕೈಗಳು ಇನ್ನೂ ಊರಲ್ಲಿವೆ. ಮುದುಕರಿಗೆ ದಿನಕ್ಕಿಷ್ಟೆಂದು ಸಂಬಳ, ಕೈಯಲ್ಲೊಂದು ಚೀಟಿ.

ಮೊನ್ನೆ ಚಹಾದಂಗಡಿಯಲ್ಲಿ ಅವರು ಮತ್ತೆ ಸಿಕ್ಕಿದ್ದರು. ಇದನ್ನೆಲ್ಲ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಮಂದಿ ಬರ್ತಾರೇನ್ರಿ ಇದನ್ ನೋಡ್ಲಾಕ?" ಎಂದರು. ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲು ಬೇಲಿ ಹಾಕಿಸೋಣ ಎಂದೆ. ನಗರಸಭೆಗೆ ಕೊಡುವ ಅರ್ಜಿಗೆ ಅವರು ಹೆಬ್ಬೆಟ್ಟು ಒತ್ತಿದರು. ಸಹಿ ಹಾಕಲು ಬಾರದ್ದಕ್ಕಲ್ಲ. ಪೆನ್ನು ಹಿಡಿಯುವ ಬೆರಳು ಇರಲಿಲ್ಲ. ಆಮೇಲೆ ಆ ಮೊಬೈಲಿನ ಹುಡುಗನೂ ಬಂದು, "ಕೊಡ್ರಿ ಸರ್" ಎಂದು ಪೆನ್ನು ಇಸಿದುಕೊಂಡ.